ದೋಣಿಯ ಇಂಜಿನಿನ ದುರಸ್ತಿ: ಈ ಕಸಬನ್ನು ಕಲಿಯುವ ಕ್ರಮ

ಪೀಠಿಕೆ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಕರಾವಳಿ ಜಿಲ್ಲೆಗಳಲ್ಲಿ ಬೇಸಾಯವೂ ಮೀನುಗಾರಿಕೆಯೂ ಅಕ್ಕಪಕ್ಕದ ಕಸಬುಗಳಾಗಿ ನಡೆದುಬಂದಿವೆ. ಅನೇಕ ಕುಟುಂಬಗಳಲ್ಲಿ ಒಬ್ಬನು ಗದ್ದೆಯನ್ನು ನೋಡಿಕೊಳ್ಳುವನು. ಮತ್ತೊಬ್ಬನು ಕಡಲಿಗೆ ಹೋಗುವನು. ಭೂಮಿಯು ಪಾಲಾಗುತ್ತ ಬಂದು ಅದರ ಉತ್ಪತ್ತಿಯಿಂದಲೇ ಎಲ್ಲರ ಜೀವನವು ಸಾಗದಿರುವ ಮನೆಗಳಲ್ಲಿ, ಹತ್ತನೆಯ ತರಗತಿಯನ್ನು ಮುಗಿಸಿದ ತರುಣರು ಮುಂದೆ ಯಾವ ಕೆಲಸವನ್ನು ಹಿಡಿಯಬೇಕೆಂಬ ಚಿಂತೆಯು ಸಹಜವಾಗಿಯೇ ಇರುವುದು. ಅಂಥವರು ಊರನ್ನು ಬಿಡದೆ ಕಲಿಯಬಹುದಾದ, ಕಲಿತವನನ್ನು ಕೈಬಿಡದ ಕಸಬುಗಳಲ್ಲಿ ದೋಣಿಯ ಇಂಜಿನಿನ ದುರಸ್ತಿಯು ಒಂದು. ಇದನ್ನು ಯಾವ ಕ್ರಮದಲ್ಲಿ ಕಲಿಯತಕ್ಕದ್ದೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗುವುದು.

ಮೊದಲಿಗೆ ಈ ಕಸಬಿನ ಹೊಣೆಯನ್ನು ತಿಳಿಯಬೇಕು. ತೋಟದ ಪಂಪಿನ ಇಂಜಿನು ನಿಂತರೆ ಒಂದು ದಿನದ ನೀರು ತಪ್ಪುವುದು, ಅಷ್ಟೆ. ಅಳಿವೆಯ ಬಾಯಲ್ಲಿ ದೋಣಿಯ ಇಂಜಿನು ನಿಂತರೆ ದೋಣಿಯು ತೆರೆಗೆ ಅಡ್ಡವಾಗಿ ತಿರುಗಿ ಮಗುಚಲೂಬಹುದು. ಸರಿಯಾಗಿ ಬಿಗಿಯದ ಒಂದು ನಟ್ಟಿನ ಬೆಲೆಯನ್ನು ಅಲ್ಲಿ ಕಲಾಸಿಗಳು ಪ್ರಾಣದಿಂದ ತೆರಬೇಕಾಗುವುದು. ಆದಕಾರಣ ಈ ಕೆಲಸದಲ್ಲಿ ಕೈಚಳಕಕ್ಕಿಂತಲೂ ಕಾರಣವನ್ನು ಹುಡುಕುವ ತಾಳ್ಮೆಯೇ ಮುಖ್ಯವಾದ ಗುಣ. ಈ ಪಾಠದ ಸಾರವೂ ಅಷ್ಟೇ: ದೋಷದ ಕಾರಣವನ್ನು ತಿಳಿಯದೆ ಇಂಜಿನನ್ನು ಬಿಚ್ಚಬಾರದು.

ಇಂಜಿನು ನಮ್ಮ ಕಡಲಿಗೆ ಬಂದ ಬಗೆ

ಹಿಂದೆ ನಮ್ಮ ಮೀನುಗಾರರು ಹಾಯಿ ಮತ್ತು ಹುಟ್ಟುಗಳ ಬಲದಿಂದಲೇ ಕಡಲಿಗೆ ಹೋಗಿ ಬರುತ್ತಿದ್ದರು. 1952ರಲ್ಲಿ ಭಾರತ, ನಾರ್ವೆ ಮತ್ತು ಸಂಯುಕ್ತ ರಾಷ್ಟ್ರಸಂಸ್ಥೆಗಳ ನಡುವೆ ಆದ ಒಪ್ಪಂದದಂತೆ, ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಚಿಕ್ಕ ದೋಣಿಗಳಿಗೆ ಇಂಜಿನುಗಳನ್ನು ಕೂಡಿಸುವ ಕಾರ್ಯವು ಮೊದಲಾಯಿತು. 1960ರ ದಶಕದಲ್ಲಿ ಆ ಯೋಜನೆಯು ನಮ್ಮ ಕಾರವಾರಕ್ಕೂ ವಿಸ್ತರಿಸಿತು. 1970ರ ದಶಕದ ನಡುವಿನಿಂದ ಪರ್ಸೀನ್ ಬೋಟುಗಳು ಹೆಚ್ಚಿ, ದಡದಿಂದ ಹತ್ತಾರು ಜನರು ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯು ಹಿಂದೆ ಸರಿಯಿತು. ಈಗ ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಮೊದಲಾದ ಬಂದರುಗಳಲ್ಲಿ ಇಂಜಿನಿಲ್ಲದ ಮೀನುಗಾರಿಕೆಯನ್ನು ಎಣಿಸುವಂತೆಯೇ ಇಲ್ಲ. ಎಲ್ಲಿ ಇಂಜಿನು ಇದೆಯೋ ಅಲ್ಲಿ ಅದನ್ನು ನೋಡಿಕೊಳ್ಳುವವನೂ ಬೇಕು.

ಎರಡು ಬಗೆಯ ಇಂಜಿನುಗಳು

ಕಲಿಯುವವನು ಎರಡು ಬಗೆಯ ಇಂಜಿನುಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು.

ಮೊದಲನೆಯದು ದೋಣಿಯ ಒಡಲಿನೊಳಗೆ ಇರುವ ಡೀಸೆಲ್ ಇಂಜಿನು. ಟ್ರಾಲ್ ಬೋಟು ಮತ್ತು ಪರ್ಸೀನ್ ಬೋಟುಗಳಲ್ಲಿ ಇರುವುದು ಇದೇ. ಇದರಿಂದ ಗೇರುಪೆಟ್ಟಿಗೆಗೂ, ಅಲ್ಲಿಂದ ಉದ್ದವಾದ ಶಾಫ್ಟಿನ ಮೂಲಕ ಹಿಂಬದಿಯ ಪ್ರೊಪೆಲ್ಲರಿಗೂ ಬಲವು ಸಾಗುವುದು. ಪ್ರೊಪೆಲ್ಲರನ್ನು ದಕ್ಕೆಯ ಜನರು ಫ್ಯಾನೆಂದು ಕರೆಯುವರು.

ಎರಡನೆಯದು ನಾಡದೋಣಿಯ ಹಿಂಬದಿಗೆ ತಗುಲಿಹಾಕುವ ಔಟ್‌ಬೋರ್ಡ್ ಇಂಜಿನು. ಇದರಲ್ಲಿ ಇಂಜಿನು, ಶಾಫ್ಟು, ಫ್ಯಾನು ಎಲ್ಲವೂ ಒಂದೇ ಕಂಬದಲ್ಲಿ ಕೂಡಿಕೊಂಡಿರುವುವು. ಇವುಗಳಲ್ಲಿ ಪೆಟ್ರೋಲಿನಿಂದ ಹೊರಟು ಬಳಿಕ ಸೀಮೆಎಣ್ಣೆಯಿಂದ ಓಡುವ ಮಾದರಿಗಳು ನಮ್ಮ ಕರಾವಳಿಯಲ್ಲಿ ಬಹಳವಾಗಿ ಬಳಕೆಗೆ ಬಂದಿವೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದು. 10 ಅಶ್ವಶಕ್ತಿಗೆ ಮೀರದ ಇಂಜಿನುಳ್ಳ ನಾಡದೋಣಿಗಳಿಗೆ ಈ ನಿಷೇಧವಿಲ್ಲ. ಇದರಿಂದಾಗಿ ಮಳೆಗಾಲವು ದುರಸ್ತಿಗಾರನಿಗೆ ಇಮ್ಮಡಿಯಾದ ದುಡಿಮೆಯ ಕಾಲ. ದೊಡ್ಡ ಬೋಟುಗಳು ಬಂದರಿನಲ್ಲಿ ನಿಂತು ಅವುಗಳ ಇಂಜಿನುಗಳು ಬಿಚ್ಚಲ್ಪಡುವುದು ಆಗಲೇ; ನಾಡದೋಣಿಗಳು ಒರಟಾದ ಕಡಲಿನಲ್ಲಿ ಓಡಿ ಕೆಡುವುದೂ ಆಗಲೇ. ಕಲಿಯಬಯಸುವವನು ಮೇ ತಿಂಗಳ ಕೊನೆಯೊಳಗೆ ಒಬ್ಬ ಹಿರಿಯ ದುರಸ್ತಿಗಾರನ ಬಳಿ ಸೇರಿಕೊಂಡರೆ, ಒಂದು ಇಂಜಿನಿನ ಒಳಹೊರಗನ್ನೆಲ್ಲ ಈ 61 ದಿನಗಳಲ್ಲಿ ಕಣ್ಣಾರೆ ಕಾಣಬಹುದು. ವರ್ಷದ ಉಳಿದ ಕಾಲದಲ್ಲಿ ಇಂಥ ಅವಕಾಶವು ಸುಲಭವಾಗಿ ಸಿಕ್ಕುವುದಿಲ್ಲ.

ಮೊದಲನೆಯ ಪಾಠ: ಮನೆಯ ಪಂಪು

ಬೇಸಾಯಗಾರರ ಮಕ್ಕಳು ಈ ಕಸಬಿಗೆ ಹೊಸಬರೆಂದು ಹಿಂಜರಿಯಬೇಕಾದುದಿಲ್ಲ. ತೋಟದ ಡೀಸೆಲ್ ಪಂಪು ಮತ್ತು ಗದ್ದೆಯ ಪವರ್ ಟಿಲ್ಲರು ಬೋಟಿನ ಇಂಜಿನಿಗೆ ತಮ್ಮಂದಿರಿದ್ದಂತೆ. ಗಾತ್ರವು ಬೇರೆಯಾದರೂ ಧರ್ಮವು ಒಂದೇ.

ಡೀಸೆಲ್ ಇಂಜಿನಿನಲ್ಲಿ ಕಿಡಿಯನ್ನು ಹೊತ್ತಿಸುವ ಪ್ಲಗ್ಗಿಲ್ಲ. ಸಿಲಿಂಡರಿನೊಳಗೆ ಹೊಕ್ಕ ಗಾಳಿಯನ್ನು ಪಿಸ್ಟನು ಸುಮಾರು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುವುದು. ಹೀಗೆ ಅದುಮಿದ ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುವುದು. ಆ ಹೊತ್ತಿಗೆ ಸರಿಯಾಗಿ ನಾಜಲ್ಲಿನ ಸಣ್ಣ ರಂಧ್ರಗಳಿಂದ ಡೀಸೆಲ್ ಎಣ್ಣೆಯು ಮಂಜಿನಂತೆ ಚಿಮ್ಮಿ, ತಾನೇ ಹೊತ್ತಿಕೊಂಡು, ಪಿಸ್ಟನನ್ನು ಕೆಳಕ್ಕೆ ತಳ್ಳುವುದು. ಇದರಿಂದ ತಿಳಿಯತಕ್ಕ ಸಂಗತಿಯೇನೆಂದರೆ, ಇಂಜಿನಿಗೆ ನಾಲ್ಕು ವಸ್ತುಗಳು ಬೇಕು: ಶುದ್ಧವಾದ ಗಾಳಿ, ಶುದ್ಧವಾದ ಎಣ್ಣೆ, ಸೋರದ ಅದುಮು, ತಕ್ಕಷ್ಟು ತಂಪು. ಯಾವ ಇಂಜಿನು ಕೆಟ್ಟರೂ ಈ ನಾಲ್ಕರಲ್ಲಿ ಯಾವುದಕ್ಕೆ ಕೊರತೆಯಾಯಿತೆಂದು ಮೊದಲು ಕೇಳಿಕೊಳ್ಳಬೇಕು.

ಆದುದರಿಂದ ಮನೆಯ ಪಂಪಿನಲ್ಲಿ ಈ ಐದು ಕೆಲಸಗಳನ್ನು ತಪ್ಪಿಲ್ಲದೆ ಮಾಡುವುದನ್ನು ಮೊದಲು ಕಲಿಯತಕ್ಕದ್ದು: ಗಾಳಿಯ ಶೋಧಕವನ್ನು ಶುಚಿಮಾಡುವುದು, ಎಣ್ಣೆಯ ಫಿಲ್ಟರನ್ನು ಬದಲಾಯಿಸುವುದು, ಟಾಂಕಿಯ ತಳದಲ್ಲಿ ನಿಂತ ನೀರನ್ನು ತೆಗೆಯುವುದು, ಕೀಲೆಣ್ಣೆಯನ್ನು ಅವಧಿಗೆ ಸರಿಯಾಗಿ ಬದಲಿಸುವುದು, ಎಣ್ಣೆಯ ನಳಿಕೆಯಲ್ಲಿ ಸೇರಿದ ಗಾಳಿಯನ್ನು ಹೊರಡಿಸುವುದು. ಇವು ಸಣ್ಣ ಕೆಲಸಗಳೆಂದು ಅಲಕ್ಷಿಸುವವನು ದೊಡ್ಡ ಕೆಲಸವನ್ನೂ ಚೆನ್ನಾಗಿ ಮಾಡಲಾರನು.

ಗಾಳಿಯನ್ನು ಹೊರಡಿಸುವ ಕ್ರಮ

ಟಾಂಕಿಯು ಬರಿದಾದಾಗ, ಫಿಲ್ಟರನ್ನು ಬಿಚ್ಚಿದಾಗ, ಇಲ್ಲವೆ ನಳಿಕೆಯ ಸಂದು ಸಡಿಲವಾದಾಗ ಎಣ್ಣೆಯ ದಾರಿಯಲ್ಲಿ ಗಾಳಿಯು ಸೇರುವುದು. ಗಾಳಿಯು ಒತ್ತಿದರೆ ಕುಗ್ಗುವ ವಸ್ತುವಾದುದರಿಂದ ಪಂಪು ಎಷ್ಟು ಒತ್ತಿದರೂ ನಾಜಲ್ಲು ತೆರೆಯುವುದಿಲ್ಲ, ಇಂಜಿನು ಹೊರಡುವುದಿಲ್ಲ. ಆಗ ಮಾಡತಕ್ಕದ್ದು ಹೀಗೆ:

1. ಟಾಂಕಿಯಲ್ಲಿ ಎಣ್ಣೆಯಿದೆಯೇ, ನಲ್ಲಿಯು ತೆರೆದಿದೆಯೇ ಎಂದು ನೋಡುವುದು.
2. ಫಿಲ್ಟರಿನ ಮೇಲಿರುವ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳಿಲ್ಲದ ಎಣ್ಣೆಯು ಬಂದೊಡನೆ ಬಿಗಿಯುವುದು.
3. ಡೀಸೆಲ್ ಪಂಪಿನ ಮೇಲಿರುವ ಸ್ಕ್ರೂವಿನಲ್ಲಿಯೂ ಹಾಗೆಯೇ ಮಾಡುವುದು.
4. ಕೊನೆಗೆ ನಾಜಲ್ಲಿನ ಬಳಿಯ ನಳಿಕೆಯ ನಟ್ಟನ್ನು ಸ್ವಲ್ಪ ಸಡಿಲಿಸಿ, ಇಂಜಿನನ್ನು ತಿರುಗಿಸಿ, ಎಣ್ಣೆಯು ಕಾಣಿಸಿದ ಮೇಲೆ ಬಿಗಿಯುವುದು.

ಈ ಕ್ರಮವು ಹಳೆಯ ಮಾದರಿಯ ಪಂಪುಳ್ಳ ಇಂಜಿನುಗಳಿಗೆ ಮಾತ್ರ ಸಲ್ಲುವುದು. ಕಾಮನ್ ರೈಲ್ ಎಂಬ ಹೊಸ ಮಾದರಿಯಲ್ಲಿ ಎಣ್ಣೆಯ ಒತ್ತಡವು 1,000 ಬಾರಿಗೂ ಮೀರಿರುವುದರಿಂದ ಅದರ ನಳಿಕೆಗಳನ್ನು ಎಂದಿಗೂ ಹೀಗೆ ಸಡಿಲಿಸಕೂಡದು. ಯಾವ ಮಾದರಿಯಲ್ಲೇ ಆಗಲಿ, ನಾಜಲ್ಲಿನಿಂದ ಚಿಮ್ಮುವ ಎಣ್ಣೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಅದು ಚರ್ಮವನ್ನು ಸೂಜಿಯಂತೆ ಭೇದಿಸಿ ಒಳಹೋಗುವುದು. ಗಾಯವು ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು; ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಿ ಬರುವುದುಂಟು.

ಎರಡನೆಯ ಪಾಠ: ಉಪ್ಪುನೀರು

ತೋಟದ ಇಂಜಿನಿಗೂ ಕಡಲಿನ ಇಂಜಿನಿಗೂ ಇರುವ ಮುಖ್ಯ ಭೇದವು ಉಪ್ಪುನೀರಿನದು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದು. ಇಂಜಿನನ್ನು ತಂಪುಮಾಡಲು ಕಡಲ ನೀರೇ ಕೈಗೆ ಸಿಕ್ಕುವ ವಸ್ತುವಾದರೂ ಅದನ್ನು ನೇರವಾಗಿ ಇಂಜಿನಿನ ಒಡಲಿಗೆ ಬಿಟ್ಟರೆ, ನೀರು ಹೆಚ್ಚಾಗಿ ಕಾದಾಗ ಲವಣವು ಹರಳುಗಟ್ಟಿ ದಾರಿಯನ್ನು ಮುಚ್ಚುವುದು. ಆದಕಾರಣ ದೊಡ್ಡ ಇಂಜಿನುಗಳಲ್ಲಿ ಒಳಗೆ ಸಿಹಿನೀರನ್ನು ಸುತ್ತಿಸಿ, ಕೂಲರೆಂಬ ಪೆಟ್ಟಿಗೆಯಲ್ಲಿ ಆ ಸಿಹಿನೀರನ್ನು ಕಡಲ ನೀರಿನಿಂದ ತಂಪುಮಾಡುವರು. ಎರಡು ನೀರುಗಳೂ ಬೇರೆಬೇರೆ ದಾರಿಯಲ್ಲಿ ಹರಿಯುವುವಲ್ಲದೆ ಕೂಡುವುದಿಲ್ಲ.

ಕಡಲ ನೀರನ್ನು ಎಳೆಯುವ ಪಂಪಿನೊಳಗೆ ಅನೇಕ ಮಾದರಿಗಳಲ್ಲಿ ರಬ್ಬರಿನ ಎಸಳುಗಳುಳ್ಳ ಇಂಪೆಲ್ಲರೊಂದು ತಿರುಗುವುದು. ಅದಕ್ಕೆ ನೀರೇ ಕೀಲೆಣ್ಣೆ. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೂ ಅದು ಸುಟ್ಟು ಹರಿಯುವುದು. ಅಳಿವೆಯ ಮರಳುದಿಬ್ಬದ ಮೇಲೆ ಔಟ್‌ಬೋರ್ಡಿನ ಕಾಲು ತಗುಲಿ ಮರಳನ್ನು ಎಳೆದುಕೊಂಡರೂ ಎಸಳುಗಳು ಸವೆಯುವುವು. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ಹೊಳೆಗಳು ಕೆಸರನ್ನೂ ಕಸವನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ಕಡಲಿಗೆ ತರುವುದರಿಂದ ನೀರಿನ ಜಾಲರಿಯು ಕಟ್ಟಿಕೊಳ್ಳುವುದು ಸಾಮಾನ್ಯ. ಔಟ್‌ಬೋರ್ಡು ಹೊರಟೊಡನೆ ಅದರ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಧಾರೆಯು ಹೊರಗೆ ಬೀಳುತ್ತಿದೆಯೇ ಎಂದು ನೋಡುವುದು ಕಲಿಯುವವನಿಗೆ ಉಸಿರಾಟದಷ್ಟು ವಾಡಿಕೆಯಾಗಬೇಕು. ಧಾರೆಯಿಲ್ಲದಿದ್ದರೆ ಆ ಕ್ಷಣದಲ್ಲಿಯೇ ಇಂಜಿನನ್ನು ನಿಲ್ಲಿಸತಕ್ಕದ್ದು.

ಉಪ್ಪುನೀರಿನ ಮತ್ತೊಂದು ಕೇಡು ಲೋಹವನ್ನು ತಿನ್ನುವುದು. ಎರಡು ಬಗೆಯ ಲೋಹಗಳು ಒಂದಕ್ಕೊಂದು ತಗುಲಿಕೊಂಡು ಉಪ್ಪುನೀರಿನಲ್ಲಿ ನಿಂತರೆ, ಅವುಗಳ ನಡುವೆ ಸಣ್ಣ ವಿದ್ಯುತ್ ಪ್ರವಾಹವು ಹುಟ್ಟಿ, ಅವುಗಳಲ್ಲಿ ದುರ್ಬಲವಾದುದು ಕರಗುತ್ತ ಹೋಗುವುದು. ಇದನ್ನು ತಡೆಯಲು ಸತುವಿನ ತುಂಡುಗಳನ್ನು ಶಾಫ್ಟಿಗೂ ಔಟ್‌ಬೋರ್ಡಿನ ಕಾಲಿಗೂ ಕೂಡಿಸಿರುವರು. ಸತುವು ಎಲ್ಲಕ್ಕಿಂತ ಮೊದಲು ತಾನು ಕರಗಿ ಉಳಿದ ಲೋಹಗಳನ್ನು ಕಾಯುವುದು. ಅರ್ಧ ಕರಗಿದ ತುಂಡನ್ನು ಬದಲಾಯಿಸಬೇಕು. ಅದರ ಮೇಲೆ ಬಣ್ಣವನ್ನು ಹಚ್ಚಲೇಬಾರದು. ಬಣ್ಣವು ನೀರನ್ನು ತಡೆದರೆ ಸತುವು ಇದ್ದೂ ಇಲ್ಲದಂತಾಗುವುದು.

ಮೂರನೆಯ ಪಾಠ: ದೋಷವನ್ನು ಕಂಡುಹಿಡಿಯುವುದು

ಇದು ಈ ಕಸಬಿನ ತಿರುಳು. ಮೂಗಿಗೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡರೆಂಬ ಗಾದೆಯಂತೆ, ಹೊಗೆ ಬಂತೆಂದೊಡನೆ ಇಂಜಿನಿನ ತಲೆಯನ್ನು ಬಿಚ್ಚುವವರು ಉಂಟು. ಇಂಥವರಿಂದ ಬೋಟಿನ ಒಡೆಯನಿಗೆ ಹಣವೂ ಹೋಗುವುದು, ಕಡಲಿಗೆ ಹೋಗುವ ದಿನಗಳೂ ಹೋಗುವುವು. ನೆನಪಿನಲ್ಲಿಡತಕ್ಕ ಸೂತ್ರವು ಒಂದೇ: ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ.

ಹೊಗೆಯ ಬಣ್ಣವು ಬಹಳ ಸಂಗತಿಗಳನ್ನು ತಿಳಿಸುವುದು. ಕಪ್ಪು ಹೊಗೆಯೆಂದರೆ ಎಣ್ಣೆಗೆ ತಕ್ಕ ಗಾಳಿಯಿಲ್ಲ, ಇಲ್ಲವೆ ಇಂಜಿನಿನ ಮೇಲೆ ಮಿತಿಮೀರಿದ ಹೊರೆಯಿದೆ. ನೀಲಿ ಹೊಗೆಯೆಂದರೆ ಕೀಲೆಣ್ಣೆಯು ಸುಡುತ್ತಿದೆ. ರಿಂಗುಗಳೋ ವಾಲ್ವಿನ ದಾರಿಗಳೋ ಸವೆದಿರಬಹುದು. ಬಿಳಿಯ ಹೊಗೆಯೆಂದರೆ ಎಣ್ಣೆಯು ಸುಡದೆ ಹೊರಹೋಗುತ್ತಿದೆ, ಇಲ್ಲವೆ ಸಿಲಿಂಡರಿನೊಳಕ್ಕೆ ನೀರು ಸೇರುತ್ತಿದೆ. ತಣ್ಣಗಿನ ಇಂಜಿನು ಹೊರಟಾಗ ತುಸು ಹೊತ್ತು ಬಿಳಿಯ ಹೊಗೆ ಬಂದರೆ ಅದು ದೋಷವಲ್ಲ.

ಉದಾಹರಣೆಗೆ, ಒಂದು ಟ್ರಾಲ್ ಬೋಟಿನ ಇಂಜಿನು ಕಪ್ಪು ಹೊಗೆಯನ್ನು ಕಾರುತ್ತ ವೇಗ ಹಿಡಿಯದಿದೆ ಎಂದಿಟ್ಟುಕೊಳ್ಳೋಣ. ಅವಸರದವನು ನಾಜಲ್ಲುಗಳನ್ನು ಬಿಚ್ಚುವನು. ವಿವೇಕಿಯು ಮೊದಲು ತಂಡೇಲನನ್ನು ಕೇಳುವನು: ಹೊಗೆಯು ಯಾವಾಗಿನಿಂದ ಬರುತ್ತಿದೆ? ಬಲೆ ಎಳೆಯುವಾಗ ಮಾತ್ರವೇ, ಬರಿದಾಗಿ ಓಡುವಾಗಲೂ ಇದೆಯೇ? ಬೋಟಿನ ತಳವನ್ನು ಕೆರೆದು ಎಷ್ಟು ತಿಂಗಳಾಯಿತು? ತಳದಲ್ಲಿ ಚಿಪ್ಪುಗಳೂ ಪಾಚಿಯೂ ದಟ್ಟವಾಗಿ ಬೆಳೆದಿದ್ದರೆ, ಇಲ್ಲವೆ ಬಲೆಯ ಹಗ್ಗವೊಂದು ಫ್ಯಾನಿಗೆ ಸುತ್ತಿಕೊಂಡಿದ್ದರೆ, ಇಂಜಿನಿನಲ್ಲಿ ಯಾವ ಕೊರತೆಯೂ ಇಲ್ಲದೆಯೇ ಕಪ್ಪು ಹೊಗೆ ಬರುವುದು. ಅಲ್ಲಿ ಬೇಕಾದುದು ಪಾನವಲ್ಲ, ಕೆರೆಯುವ ಉಳಿ. ಇದಾದ ಮೇಲೆ ಗಾಳಿಯ ಶೋಧಕ, ಅದರ ಬಳಿಕ ಎಣ್ಣೆಯ ಫಿಲ್ಟರು, ಕಟ್ಟಕಡೆಗೆ ನಾಜಲ್ಲು ಮತ್ತು ಪಂಪು.

ಇಂಜಿನು ಮಿತಿಮೀರಿ ಕಾದಾಗಲೂ ಇದೇ ಕ್ರಮ: ಜಾಲರಿ, ಬೆಲ್ಟು, ಇಂಪೆಲ್ಲರು, ಕೂಲರಿನ ಕೊಳವೆಗಳು, ಥರ್ಮೋಸ್ಟಾಟು, ಇವೆಲ್ಲವೂ ಸರಿಯಿದ್ದರೆ ಮಾತ್ರ ತಲೆಯ ಗ್ಯಾಸ್ಕೆಟ್ಟು. ಕಾದ ಇಂಜಿನಿನ ನೀರಿನ ಮುಚ್ಚಳವನ್ನು ಒಡನೆಯೇ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುವುದು, ತಣಿಯುವವರೆಗೆ ಕಾಯತಕ್ಕದ್ದು.

ಕೀಲೆಣ್ಣೆಯ ಅಳತೆಕಡ್ಡಿಯನ್ನು ದಿನವೂ ನೋಡಬೇಕು. ಎಣ್ಣೆಯು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಎಣ್ಣೆಯು ತೆಳುವಾಗಿ ಮಟ್ಟವು ಏರಿದ್ದರೆ ಡೀಸೆಲ್ ಸೇರಿರಬಹುದು. ಎರಡರಲ್ಲಿ ಯಾವುದಾದರೂ ಕಾಣಿಸಿದರೆ ಆ ಬೋಟನ್ನು ಕಡಲಿಗೆ ಬಿಡಬಾರದು. ಒಡೆಯನು ಎಷ್ಟೇ ಅವಸರಪಡಿಸಲಿ, ಇಲ್ಲವೆನ್ನುವ ಧೈರ್ಯವೂ ಈ ಕಸಬಿನ ಒಂದು ಅಂಗವೇ.

ನಾಡದೋಣಿಯಲ್ಲಿ ಬೆಳಿಗ್ಗೆ ಹೊರಡದ ಇಂಜಿನಿನ ಕಾರಣವು ಹಿಂದಿನ ಸಂಜೆಯಲ್ಲಿರುವುದುಂಟು. ಸೀಮೆಎಣ್ಣೆಯು ತಣ್ಣಗಿರುವಾಗ ಸುಲಭವಾಗಿ ಆವಿಯಾಗುವುದಿಲ್ಲ. ಆದುದರಿಂದಲೇ ಪೆಟ್ರೋಲಿನಿಂದ ಹೊರಡಿಸಿ, ಇಂಜಿನು ಬಿಸಿಯಾದ ಬಳಿಕ ಸೀಮೆಎಣ್ಣೆಗೆ ತಿರುಗಿಸುವುದು. ದಡಕ್ಕೆ ಬರುವ ಮುನ್ನ ಕೆಲವು ನಿಮಿಷ ಮತ್ತೆ ಪೆಟ್ರೋಲಿನಲ್ಲಿ ಓಡಿಸಿ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆಯು ಉಳಿದು, ಮರುದಿನ ಹಗ್ಗವನ್ನು ಎಷ್ಟು ಎಳೆದರೂ ಇಂಜಿನು ಹೊರಡದು. ಎರಡು ಸ್ಟ್ರೋಕಿನ ಇಂಜಿನುಗಳಲ್ಲಿ ಕೀಲೆಣ್ಣೆಯನ್ನು ಉರಿಯುವ ಎಣ್ಣೆಯಲ್ಲಿಯೇ ಬೆರೆಸುವ ಮಾದರಿಗಳುಂಟು. ತಯಾರಕರ ಪುಸ್ತಕದಲ್ಲಿ 50ಕ್ಕೆ 1 ಎಂದು ಹೇಳಿದ್ದರೆ 1 ಲೀಟರಿಗೆ 20 ಮಿಲಿಲೀಟರು ಎಂದರ್ಥ. ಇದನ್ನು ಅಳತೆಯ ಪಾತ್ರೆಯಿಂದಲೇ ಹಾಕತಕ್ಕದ್ದು, ಕಣ್ಣಂದಾಜು ಸಲ್ಲದು. ಕಡಿಮೆಯಾದರೆ ಪಿಸ್ಟನು ಕಚ್ಚಿಕೊಳ್ಳುವುದು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುವುದು.

ನಾಲ್ಕನೆಯ ಪಾಠ: ಶಾಫ್ಟಿನ ಹೊಂದಾಣಿಕೆ

ಬೋಟಿನ ಗೇರುಪೆಟ್ಟಿಗೆಯ ತಟ್ಟೆಯೂ ಶಾಫ್ಟಿನ ತಟ್ಟೆಯೂ ಒಂದಕ್ಕೊಂದು ನೇರವಾಗಿ ಕೂಡದಿದ್ದರೆ, ಬೋಟು ನಡುಗುವುದು, ಬೇರಿಂಗುಗಳು ಬೇಗನೆ ಸವೆಯುವುವು, ಕೊನೆಗೆ ಶಾಫ್ಟೇ ಮುರಿಯಬಹುದು. ಹೊಂದಾಣಿಕೆಯನ್ನು ನೋಡುವ ಬಗೆ ಹೀಗೆ: ಎರಡು ತಟ್ಟೆಗಳ ಬೋಲ್ಟುಗಳನ್ನು ತೆಗೆದು, ತಟ್ಟೆಗಳನ್ನು ಹತ್ತಿರ ತಂದು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ಸಂದನ್ನು ಅಳೆಯುವುದು. 100 ಮಿಲಿಮೀಟರು ಅಡ್ಡಗಲದ ತಟ್ಟೆಯಲ್ಲಿ ಈ ನಾಲ್ಕು ಸಂದುಗಳ ನಡುವಿನ ವ್ಯತ್ಯಾಸವು 0.1 ಮಿಲಿಮೀಟರನ್ನು ಮೀರದಿರುವುದು ಒಳ್ಳೆಯದು. ಮೀರಿದ್ದರೆ ಇಂಜಿನಿನ ಕಾಲುಗಳ ಕೆಳಗಿನ ತೆಳುತಗಡುಗಳನ್ನು ಕೂಡಿಸಿಯೋ ಕಳೆದೋ ಸರಿಪಡಿಸಬೇಕು.

ಇಲ್ಲಿ ಹೊಸಬರು ತಪ್ಪುವ ಒಂದು ಅಂಶವಿದೆ. ದಡದ ಮೇಲೆ ಊರೆಗಳ ಮೇಲೆ ನಿಂತ ಬೋಟಿನ ಒಡಲಿಗೂ ನೀರಿನಲ್ಲಿ ತೇಲುವ ಬೋಟಿನ ಒಡಲಿಗೂ ಆಕಾರದಲ್ಲಿ ತುಸು ಭೇದವಿರುವುದು. ಮರದ ಬೋಟಿನಲ್ಲಿ ಇದು ಹೆಚ್ಚು. ಆದುದರಿಂದ ದಡದ ಮೇಲೆ ಮಾಡಿದ ಹೊಂದಾಣಿಕೆಯು ಕೊನೆಯದಲ್ಲ. ಬೋಟನ್ನು ನೀರಿಗಿಳಿಸಿ, ಒಂದು ದಿನವಾದರೂ ಕಳೆದ ಬಳಿಕ, ಮತ್ತೊಮ್ಮೆ ಅಳೆದು ನೋಡತಕ್ಕದ್ದು.

ಶಾಫ್ಟು ಒಡಲಿನಿಂದ ಹೊರಹೋಗುವಲ್ಲಿ ಗ್ರೀಸು ಹಚ್ಚಿದ ಹುರಿಯ ಪ್ಯಾಕಿಂಗಿರುವುದು. ಶಾಫ್ಟು ತಿರುಗುವಾಗ ಅಲ್ಲಿಂದ ಒಂದೊಂದು ಹನಿಯಾಗಿ ನೀರು ಸೋರುವುದು ಸರಿ. ಒಂದು ಹನಿಯೂ ಬರದಂತೆ ಬಿಗಿದರೆ ಪ್ಯಾಕಿಂಗು ಸುಟ್ಟು ಶಾಫ್ಟಿನ ಮೇಲೆ ಗೀರು ಬೀಳುವುದು.

ಐದನೆಯ ಪಾಠ: ಕಡಲಿಗೆ ಬಿದ್ದ ಔಟ್‌ಬೋರ್ಡು

ಮಳೆಗಾಲದ ತೆರೆಯಲ್ಲಿ ನಾಡದೋಣಿಯು ಮಗುಚಿ ಇಂಜಿನು ಮುಳುಗುವುದುಂಟು. ಮೊದಲು ಜನರನ್ನು, ಆಮೇಲೆ ಇಂಜಿನನ್ನು ನೋಡತಕ್ಕದ್ದು. ಇಂಜಿನು ಮೇಲೆ ಬಂದ ಬಳಿಕ ಮೊದಲ ಕೆಲವು ಗಂಟೆಗಳು ಅಮೂಲ್ಯವಾದವು. ಮುಳುಗಿರುವಾಗ ಆಗುವ ಕೇಡಿಗಿಂತ, ಉಪ್ಪುನೀರಿನಿಂದ ತೊಯ್ದ ಕಬ್ಬಿಣಕ್ಕೆ ಗಾಳಿಯು ತಗುಲಿದ ಮೇಲೆ ಆಗುವ ಕೇಡು ಹೆಚ್ಚು. ಆದುದರಿಂದ ಇಂಜಿನನ್ನು ಬಿಸಿಲಿನಲ್ಲಿ ಒಣಗಲು ಇಡುವುದು ಅದನ್ನು ಕೈಯಾರೆ ಕೊಂದಂತೆ. ಮಾಡತಕ್ಕದ್ದು ಇಷ್ಟು:

1. ಒಳಹೊರಗೆ ಸಿಹಿನೀರಿನಿಂದ ಚೆನ್ನಾಗಿ ತೊಳೆಯುವುದು.
2. ಕಿಡಿಯು ಹುಟ್ಟದಂತೆ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಕಳಚಿಟ್ಟು, ಪ್ಲಗ್ಗುಗಳನ್ನು ತೆಗೆಯುವುದು.
3. ಪ್ಲಗ್ಗಿನ ರಂಧ್ರಗಳು ಕೆಳಮುಖವಾಗುವಂತೆ ಮಲಗಿಸಿ, ಹಗ್ಗವನ್ನು ಮೆಲ್ಲಗೆ ಎಳೆದು ನೀರನ್ನು ಹೊರಡಿಸುವುದು. ತಿರುಗಲು ಬಿಗಿಯಾಗಿದ್ದರೆ ಬಲವಂತ ಮಾಡಬಾರದು. ಓಡುತ್ತಿರುವಾಗಲೇ ಮುಳುಗಿದ ಇಂಜಿನಿನಲ್ಲಿ ಕನೆಕ್ಟಿಂಗ್ ರಾಡು ಬಾಗಿರಬಹುದು.
4. ಕಾರ್ಬೊರೇಟರು, ನಳಿಕೆ, ಟಾಂಕಿಗಳಲ್ಲಿರುವ ನೀರು ಬೆರೆತ ಎಣ್ಣೆಯನ್ನೆಲ್ಲ ತೆಗೆಯುವುದು.
5. ಸಿಲಿಂಡರಿನೊಳಗೆ ಕೀಲೆಣ್ಣೆಯನ್ನು ಬಿಟ್ಟು ತಿರುಗಿಸುವುದು. ವಿದ್ಯುತ್ತಿನ ಭಾಗಗಳನ್ನು ಒರೆಸಿ ಒಣಗಿಸುವುದು.
6. ಅಂದೇ ಇಂಜಿನನ್ನು ಹೊರಡಿಸಿ, ತಂಪಿನ ನೀರನ್ನು ಕೊಟ್ಟು, ಅರ್ಧ ಗಂಟೆಯಾದರೂ ಓಡಿಸುವುದು.

ಇಷ್ಟನ್ನು ಅಂದೇ ಮಾಡಲು ಅನುಕೂಲವಿಲ್ಲದಿದ್ದರೆ, ಇಂಜಿನನ್ನು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡತಕ್ಕದ್ದು. ಇದು ಕೇಳುವುದಕ್ಕೆ ವಿಚಿತ್ರವಾಗಿ ತೋರಿದರೂ, ಗಾಳಿಯನ್ನು ದೂರವಿಟ್ಟು ದುರಸ್ತಿಗೆ ಸಮಯವನ್ನು ಕೊಡುವ ಉಪಾಯವು ಇದೊಂದೇ.

ಎಲ್ಲಿ, ಯಾರಲ್ಲಿ ಕಲಿಯುವುದು

ಈ ಕಸಬಿಗೆ ಎರಡು ದಾರಿಗಳುಂಟು. ಎರಡನ್ನೂ ಕೂಡಿಸಿಕೊಂಡವನೇ ಜಾಣನು. ಮೊದಲನೆಯದು ದಕ್ಕೆಯ ಬಳಿಯ ಕೆಲಸಶಾಲೆಯಲ್ಲಿ ಹಿರಿಯನೊಬ್ಬನ ಕೈಕೆಳಗೆ ದುಡಿಯುವುದು. ಇಲ್ಲಿ ಮೊದಲ ತಿಂಗಳುಗಳು ಭಾಗಗಳನ್ನು ತೊಳೆಯುವುದರಲ್ಲಿಯೇ ಕಳೆಯುವುವು. ಇದನ್ನು ಅವಮಾನವೆಂದು ಎಣಿಸಬಾರದು. ತೊಳೆಯುವವನ ಕೈಗೇ ಬಿರುಕು, ಸವೆತ, ಗೀರುಗಳು ಮೊದಲು ಸಿಕ್ಕುವುವು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುವುದು.

ಎರಡನೆಯದು ಶಾಲೆಯ ದಾರಿ. ಕರಾವಳಿಯ ಮೂರು ಜಿಲ್ಲೆಗಳಲ್ಲಿಯೂ ಸರ್ಕಾರದ ಕೈಗಾರಿಕಾ ತರಬೇತಿ ಸಂಸ್ಥೆಗಳಿವೆ. ಈ ಸಂಸ್ಥೆಗಳ ಪಾಠಕ್ರಮಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಶಿಕ್ಷಣವು ಒಂದು ವರ್ಷದ್ದು, ಫಿಟ್ಟರ್ ಶಿಕ್ಷಣವು ಎರಡು ವರ್ಷದ್ದು. ಕಡಲಿನ ಇಂಜಿನಿಗೇ ಮೀಸಲಾದ ಶಿಕ್ಷಣವನ್ನು ಬಯಸುವವರು ಕೊಚ್ಚಿಯಲ್ಲಿ 1963ರಲ್ಲಿ ಸ್ಥಾಪಿತವಾದ ಸಿಫ್ನೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯನ್ನು ವಿಚಾರಿಸಬಹುದು. ಚೆನ್ನೈ ಮತ್ತು ವಿಶಾಖಪಟ್ಟಣಗಳಲ್ಲಿಯೂ ಅದರ ಶಾಖೆಗಳಿವೆ. ಅಲ್ಲಿ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ ಮೆರೈನ್ ಫಿಟ್ಟರೆಂಬ ಎರಡು ವರ್ಷಗಳ ಶಿಕ್ಷಣವುಂಟು. ಮುಂದೆ ಕಡಲ ಅನುಭವವನ್ನು ಗಳಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮೀನುಗಾರಿಕಾ ಹಡಗಿನ ಎಂಜಿನ್ ಡ್ರೈವರೆಂಬ ಅರ್ಹತಾಪತ್ರವನ್ನೂ ಪಡೆಯಬಹುದು. ಪ್ರವೇಶದ ಕಾಲ ಮತ್ತು ನಿಯಮಗಳನ್ನು ಆಯಾ ಸಂಸ್ಥೆಯಿಂದಲೇ ತಿಳಿದುಕೊಳ್ಳತಕ್ಕದ್ದು.

ಶಾಲೆಯು ಕಾರಣವನ್ನು ಕಲಿಸುವುದು. ದಕ್ಕೆಯು ಕೈಯನ್ನು ಪಳಗಿಸುವುದು. ಶಾಲೆಯನ್ನು ಮಾತ್ರ ಕಂಡವನಿಗೆ ತೂಗುವ ಬೋಟಿನ ಇಕ್ಕಟ್ಟಿನಲ್ಲಿ, ಡೀಸೆಲಿನ ವಾಸನೆಯ ನಡುವೆ ಕೈಯೋಡದು. ದಕ್ಕೆಯನ್ನು ಮಾತ್ರ ಕಂಡವನಿಗೆ ಹೊಸ ಮಾದರಿಯ ಇಂಜಿನಿನ ಪುಸ್ತಕವು ತಿಳಿಯದು.

ಸ್ವಂತ ಕೆಲಸವನ್ನು ಆರಂಭಿಸುವಾಗ

ಆರಂಭದಲ್ಲಿ ಸಲಕರಣೆಗಳಿಗಾಗಿ ಬಹಳ ಸಾಲ ಮಾಡಬಾರದು. ಒಳ್ಳೆಯ ಪಾನಗಳ ಒಂದು ಕಟ್ಟು, ಸಾಕೆಟ್ಟುಗಳು, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚು, ಫೀಲರ್ ಗೇಜು, ವಿದ್ಯುತ್ತನ್ನು ಅಳೆಯುವ ಮೀಟರು, ಒಂದು ಟಾರ್ಚು, ಇಷ್ಟಿದ್ದರೆ ಬಹುಪಾಲು ಕೆಲಸವು ನಡೆಯುವುದು. ಇವುಗಳಲ್ಲಿ ಟಾರ್ಕ್ ರೆಂಚನ್ನು ಬಿಡಲೇಬಾರದು. ತಲೆಯ ಬೋಲ್ಟುಗಳನ್ನು ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ, ಹೇಳಿದ ಬಿಗಿತಕ್ಕೇ ಬಿಗಿಯತಕ್ಕದ್ದು.

ಇವುಗಳ ಜೊತೆಗೆ ಒಂದು ಖಾತೆಪುಸ್ತಕವೂ ಬೇಕು. ಬೋಟಿನ ಹೆಸರು, ದಿನಾಂಕ, ಕಂಡ ದೋಷ, ಕಂಡುಹಿಡಿದ ಕಾರಣ, ಹಾಕಿದ ಭಾಗ, ಇಂಜಿನು ಓಡಿದ ಗಂಟೆಗಳು, ಬರಬೇಕಾದ ಹಣ, ಇವನ್ನು ಅಂದಂದೇ ಬರೆಯಬೇಕು. ಈ ಕಸಬಿನಲ್ಲಿ ಹಣವು ಕೆಲಸ ಮುಗಿದೊಡನೆ ಕೈಸೇರದೆ, ಬೋಟಿಗೆ ಮೀನು ದೊರೆತ ಮೇಲೆ ಬರುವುದೂ ಉಂಟು. ಬರೆದಿಡದವನಿಗೆ ಲೆಕ್ಕವೂ ತಪ್ಪುವುದು, ಸ್ನೇಹವೂ ಕೆಡುವುದು. ಅಲ್ಲದೆ ಎರಡು ಮೂರು ಋತುಗಳ ಬರಹವು ಸೇರಿದರೆ, ಯಾವ ಬೋಟಿನ ಯಾವ ಭಾಗವು ಎಷ್ಟು ಗಂಟೆಗಳಿಗೆ ಸವೆಯುವುದೆಂಬುದು ತಾನಾಗಿ ತಿಳಿದು, ಕೆಡುವ ಮೊದಲೇ ಬದಲಾಯಿಸಲು ಸಲಹೆ ಕೊಡಬಹುದು. ತೆಗೆದ ಹಳೆಯ ಭಾಗವನ್ನು ಒಡೆಯನಿಗೆ ತೋರಿಸಿ ಹಿಂದಿರುಗಿಸುವುದು ನಂಬಿಕೆಯನ್ನು ಬೆಳೆಸುವ ಪದ್ಧತಿ.

ಎಚ್ಚರಿಕೆಗಳು ಕೆಲವು: ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ನಿಲ್ಲುವುದು; ಬೀಡಿಯ ಒಂದು ಕಿಡಿ ಸಾಕು. ಮುಚ್ಚಿದ ಇಂಜಿನು ಕೋಣೆಯಲ್ಲಿ ಹೊಗೆಯ ವಿಷದಿಂದ ಎಚ್ಚರ ತಪ್ಪುವುದುಂಟು. ಬಾಗಿಲನ್ನು ತೆರೆದೇ ಕೆಲಸ ಮಾಡಬೇಕು. ತಿರುಗುವ ಬೆಲ್ಟಿನ ಬಳಿ ಲುಂಗಿಯ ಸೆರಗೂ ಸಡಿಲವಾದ ತೋಳೂ ಇರಬಾರದು. ತೆಗೆದ ಕೀಲೆಣ್ಣೆಯನ್ನು ಹೊಳೆಗೆ ಚೆಲ್ಲಬಾರದು. ಮೀನಿನಿಂದ ಬದುಕುವ ಕಸಬು ಮೀನಿನ ನೀರನ್ನು ಕೆಡಿಸಕೂಡದು.

ಉಪಸಂಹಾರ

ಕಲಿಕೆಯು ಪೂರ್ತಿಯಾಯಿತೆಂಬುದಕ್ಕೆ ಗುರುತು ಯಾವುದು? ಪ್ರಮಾಣಪತ್ರವು ಒಂದು ಗುರುತು. ಅದಕ್ಕಿಂತಲೂ ನಿಜವಾದುದು ಪರೀಕ್ಷಾ ಪಯಣ. ದೊಡ್ಡ ದುರಸ್ತಿಯಾದ ಬಳಿಕ ಬೋಟನ್ನು ಕಡಲಿನಲ್ಲಿ ಓಡಿಸಿ ನೋಡುವಾಗ, ದುರಸ್ತಿಗಾರನು ತಾನೂ ಜೀವರಕ್ಷಕ ಅಂಗಿಯನ್ನು ತೊಟ್ಟು ಅದರಲ್ಲಿ ಕುಳಿತು ಅಳಿವೆಯನ್ನು ದಾಟಿ ಬರತಕ್ಕದ್ದು. ಆಗ ಶಾಖ, ಒತ್ತಡ, ಹೊಗೆ, ಸದ್ದು, ನಡುಕ ಎಲ್ಲವನ್ನೂ ಹೊರೆಯ ನಡುವೆ ಪರಿಶೀಲಿಸಬಹುದು. ತಾನು ಬಿಗಿದ ಇಂಜಿನನ್ನು ನಂಬಿ ತಾನೇ ಹೋಗಲು ಹಿಂಜರಿಯುವವನು, ಅದನ್ನು ನಂಬಿ ಬೇರೆಯವರು ಹೋಗಲೆಂದು ಒಪ್ಪಿಸಬಾರದು. ಈ ನಿಯಮವನ್ನು ಮೊದಲ ದಿನದಿಂದ ಪಾಲಿಸುವ ತರುಣನಿಗೆ ನಮ್ಮ ಬಂದರುಗಳಲ್ಲಿ ಕೆಲಸವು ತಪ್ಪುವುದಿಲ್ಲ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಇಂಜಿನಿಗೆ ಅವಶ್ಯವಾದ ನಾಲ್ಕು ವಸ್ತುಗಳು ಯಾವುವು? ನಿಮ್ಮ ಮನೆಯ ಪಂಪಿನಲ್ಲಿ ಅವು ಯಾವ ದಾರಿಯಿಂದ ಒಳಹೋಗುವುವು?
2. ಕಪ್ಪು ಹೊಗೆಯನ್ನು ಕಂಡಾಗ ಇಂಜಿನನ್ನು ಬಿಚ್ಚುವ ಮುನ್ನ ತಂಡೇಲನನ್ನು ಕೇಳತಕ್ಕ ಮೂರು ಪ್ರಶ್ನೆಗಳನ್ನು ಬರೆಯಿರಿ.
3. ಸತುವಿನ ತುಂಡಿಗೆ ಬಣ್ಣವನ್ನು ಏಕೆ ಹಚ್ಚಬಾರದು?
4. ಕಡಲಿಗೆ ಬಿದ್ದ ಔಟ್‌ಬೋರ್ಡನ್ನು ಬಿಸಿಲಿನಲ್ಲಿ ಒಣಗಿಸುವುದರಿಂದ ಆಗುವ ಕೇಡೇನು?
5. ದಡದ ಮೇಲೆ ಮಾಡಿದ ಶಾಫ್ಟಿನ ಹೊಂದಾಣಿಕೆಯನ್ನು ನೀರಿನಲ್ಲಿ ಮತ್ತೆ ನೋಡಬೇಕಾದ ಕಾರಣವೇನು?